ಮಂಡಿಯ ಬಳಿ ಹೇಳಿ ಕಳಿಸಿದ ಮಾತು

ಜಡೆಮ್ಮನ ಸೊಂಟದ ಕೀಲಿನಲ್ಲಿ ಕೂತಿದ್ದ ತೊಡೆಮೂಳೆಯ ತಲೆ ಬಲು ಮರ್ಯಾದಸ್ಥ. ಇಡೀ ಮೈಯ ಭಾರ ಹೊತ್ತರೂ ಅದು ಒಂದು ದಿನವೂ ದನಿ ಎತ್ತಿದ್ದಿಲ್ಲ. ಜಡೆಮ್ಮನಿಗೆ ಹುಟ್ಟಿನಿಂದಲೇ ಬಂದ ರಕ್ತದ ಕಾಯಿಲೆಯಿತ್ತು. ಅವಳ ರಕ್ತಕಣಗಳು ಆಗಾಗ ಕುಡುಗೋಲಿನಂತೆ ಬಾಗುತ್ತಿದ್ದವು. ಒಂದು ದಿನ ಅಂಥ ಕಣಗಳು ಮೂಳೆಗೆ ರಕ್ತ ತರುವ ಸಣ್ಣ ನಾಳದಲ್ಲಿ ಒಂದಕ್ಕೊಂದು ಸಿಕ್ಕಿಕೊಂಡು ನಿಂತುಬಿಟ್ಟವು.

“ಸ್ವಲ್ಪ ದಾರಿ ಬಿಡುವಿರಾ?” ಎಂದು ಮೂಳೆ ಕೇಳಿತು.

“ಮುಂದಿನವರು ಸರಿದರೆ ನಾವೂ ಸರಿಯುತ್ತೇವೆ,” ಎಂದವು ಕಣಗಳು. ಎಲ್ಲಕ್ಕಿಂತ ಮುಂದಿದ್ದ ಕಣವೂ ಅದನ್ನೇ ಹೇಳಿತು.

ತಾನೇ ಕೂಗುವುದು ಮೂಳೆಗೆ ಸರಿಕಾಣಲಿಲ್ಲ. “ನನಗೆ ರಕ್ತ ಸಿಗುತ್ತಿಲ್ಲವೆಂದು ಜಡೆಮ್ಮನಿಗೆ ತಿಳಿಸು,” ಎಂದು ಕೆಳಗಿದ್ದ ಮಂಡಿಗೆ ಹೇಳಿ ಕಳಿಸಿತು. ಮಂಡಿ ಜೋರಾಗಿ ಅರಚಿತು. ಜಡೆಮ್ಮ ಮಂಡಿಗೆ ಬಿಸಿ ಎಣ್ಣೆ ತಿಕ್ಕಿದಳು.

“ತಿಳಿಸಿದೆಯಾ?” ಎಂದು ವಾರದ ಮೇಲೆ ಮೂಳೆ ಕೇಳಿತು.

“ತಿಳಿಸಿದೆ. ಬಹಳ ಚೆನ್ನಾಗಿ ನೋಡಿಕೊಳ್ಳುತ್ತಿದ್ದಾಳೆ,” ಎಂದಿತು ಮಂಡಿ.

“ನನ್ನ ಹೆಸರು ಹೇಳಿದೆಯಾ?”

“ಅವಳು ಕೇಳಲಿಲ್ಲ.”

ಮೂಳೆ ಎಂದಿನಂತೆ ಭಾರ ಹೊರುತ್ತಾ ಹೋಯಿತು. ಆರು ತಿಂಗಳ ಮೇಲೆ ಜಡೆಮ್ಮ ಕುಂಟುತ್ತಾ ಆಸ್ಪತ್ರೆಗೆ ಹೋದಳು. ಡಾಕ್ಟರು ಮಂಡಿಯನ್ನು ಬಿಟ್ಟು ತೊಡೆಯನ್ನು ಹೊರಳಿಸಿದಾಗ ಮೂಳೆ ಮೊದಲ ಸಲ ಕಿರುಚಿತು.

“ರಕ್ತ ಸಿಗದೆ ಸೊಂಟದ ಕೀಲಿನಲ್ಲಿ ತೊಡೆಮೂಳೆಯ ತಲೆ ಅರ್ಧ ಸತ್ತು ಕುಸಿದಿದೆಯಮ್ಮಾ. ಮೊದಲೇ ಬರಬೇಕಿತ್ತು,” ಎಂದರು ಡಾಕ್ಟರು.

“ನೋವು ಮಂಡೀಲಿತ್ತಲ್ಲಾ ಸಾ,” ಎಂದಳು ಜಡೆಮ್ಮ. “ಸೊಂಟದ ಕೀಲಿನ ನೋವು ಕೆಲವೊಮ್ಮೆ ಮಂಡಿಯಲ್ಲೇ ಕಾಣಿಸಿಕೊಳ್ಳುತ್ತದೆ,” ಎಂದರು ಡಾಕ್ಟರು.

ಎಣ್ಣೆಯಿಂದ ಹೊಳೆಯುತ್ತಿದ್ದ ಮಂಡಿಗೂ ಅಚ್ಚರಿಯಾಯಿತು. “ಇಷ್ಟು ಕಷ್ಟವಿದ್ದರೆ ನೀನೇ ಕೂಗಬಾರದಿತ್ತೇ?” ಎಂದು ಕೇಳಿತು.

ಉತ್ತರ ಕೊಡಲು ಮೂಳೆಯಲ್ಲಿ ಅರ್ಧ ಭಾಗವಷ್ಟೇ ಬದುಕಿತ್ತು. “ಕೂಗಬೇಕಿತ್ತು,” ಎಂದಿತು ಅದು.