ಬಿಚ್ಚದ ಕಡೆ

ಮನುಷ್ಯ ಹಾರಿದನೆಂಬ ಸುದ್ದಿಯನ್ನು ಆಗಿನ್ನೂ ಅರ್ಧ ಜನ ನಂಬಿರಲಿಲ್ಲ. ಹೊಳೆದಂಡೆಯ ಆಶ್ರಮದಲ್ಲಿ ಮಾನಪ್ಪಾಚಾರ್ಯರೆಂಬ ಗುರು ಹಾರುವ ಯಂತ್ರ ಮಾಡಿಸುತ್ತಿದ್ದರು. ಕಟ್ಟುವ ಕೈ ಶಿಷ್ಯ ಮೈಲಾರಿಯದು, ಹಾರುವ ಜೀವ ಗುರುವಿನದು.

ಅಲ್ಲೊಂದು ಪದ್ಧತಿಯಿತ್ತು. ಹಾರುವ ಮುಂಚೆ ಶಿಷ್ಯ ತನಗೆ ಬೇಕಾದ ಒಂದು ಕಡೆ ರೆಕ್ಕೆಯ ಬಟ್ಟೆ ಬಿಚ್ಚಿ ಒಳಗಿನ ಕೆಲಸ ತೋರಿಸಬೇಕು. ಎಲ್ಲಿ ಬಿಚ್ಚು ಅಂತ ಗುರು ಹೇಳುತ್ತಿರಲಿಲ್ಲ. ಇಲ್ಲಿ ಕಲಿತು ಹೋದವರೂ ಈ ಪದ್ಧತಿ ಬಿಟ್ಟಿರಲಿಲ್ಲ.

ಆ ಬೆಳಿಗ್ಗೆ ಮೈಲಾರಿ ಎಡರೆಕ್ಕೆ ಬಿಚ್ಚಿದ.

ಬಲರೆಕ್ಕೆಯೊಳಗೆ ಒಂದು ಬಿದಿರ ದಬ್ಬೆ ಸೀಳು ಬಿಟ್ಟಿತ್ತು. ಹೊಸದು ಕೂರಿಸಲು ಹತ್ತು ದಿನ ಬೇಕು. ಹೊಳೆಯಾಚೆ ಗುರುವಿನ ಹಳೆಯ ಶಿಷ್ಯ ರುದ್ರಮುನಿ ಇವತ್ತೋ ನಾಳೆಯೋ ಹಾರುವವನಿದ್ದ. ಈ ಸೀಮೆಯಲ್ಲಿ ಮೊದಲು ಹಾರಿದವರು ತನ್ನ ಗುರುಗಳೇ ಆಗಬೇಕೆಂದು ಮೈಲಾರಿ ಸೀಳಿಗೆ ಅಂಟು ಮೆತ್ತಿ, ಮೇಲೆ ಬಟ್ಟೆ ಹೊಲಿದುಬಿಟ್ಟಿದ್ದ.

"ಚೆನ್ನಾಗಿದೆ," ಎಂದರು ಗುರು ಎಡರೆಕ್ಕೆ ನೋಡಿ. ಪಂಚೆ ಎತ್ತಿ ಕಟ್ಟಿ, ಹತ್ತಿ ಕೂತರು. "ಪಂಖ ತಿರುಗಿಸು."

ಮೈಲಾರಿ ಮುಂದಿನ ಪಂಖ ಹಿಡಿದ. ಕೈ ಏಳಲಿಲ್ಲ.

"ಯಾಕಪ್ಪ, ಬೆಳಿಗ್ಗೆ ಏನೂ ತಿನ್ನಲಿಲ್ಲವೇ?"

ಮೈಲಾರಿ ಪಂಖ ಬಿಟ್ಟು ಹತ್ತಿರ ಬಂದ.

"ಇಳಿಯಿರಿ ಗುರುಗಳೇ. ಬಲರೆಕ್ಕೆ ಸರಿಯಿಲ್ಲ. ನಾನೇ ಮುಚ್ಚಿಟ್ಟೆ."

ಗುರು ಇಳಿದರು. ಬೈಯಲಿಲ್ಲ. ಬಲರೆಕ್ಕೆಯ ಬಟ್ಟೆ ಕೊಯ್ದು ದಬ್ಬೆಯನ್ನು ಹೆಬ್ಬೆರಳಿನಿಂದ ಒತ್ತಿದರು. ಅದು ಲಟಕ್ಕೆಂದು ಎರಡಾಯಿತು.

ಮೈಲಾರಿಗೆ ಅಳು ತಡೆಯಲಾಗಲಿಲ್ಲ. "ನಿಮ್ಮನ್ನು ಕೊಂದೇಬಿಡುತ್ತಿದ್ದೆ."

"ಕೊಲ್ಲಲಿಲ್ಲವಲ್ಲ. ಹೋಗು, ಒಳ್ಳೇ ಬಿದಿರು ನೋಡು."

"ಹತ್ತು ದಿನ ಬೇಕು ಗುರುಗಳೇ. ಅಷ್ಟರಲ್ಲಿ ರುದ್ರಮುನಿಯವರು ಹಾರಿಬಿಡುತ್ತಾರೆ. ಮೊದಲಿಗರು ಅವರೇ ಆಗುತ್ತಾರೆ."

ಗುರು ಹೊಳೆಯಾಚೆ ನೋಡಿದರು. ಅಲ್ಲಿನ ಬಯಲಿನಲ್ಲಿ ಆಗಲೇ ಜನ ಸೇರುತ್ತಿದ್ದರು.

"ಅವನ ಯಂತ್ರ ಕಟ್ಟಿದವರು ಯಾರು?"

"ಅವರ ಶಿಷ್ಯ ಈರಣ್ಣ."

"ಹೇಗೆ ಹುಡುಗ?"

"ನನ್ನ ಹಾಗೇ. ಅವನಿಗೂ ತನ್ನ ಗುರುಗಳೇ ಮೊದಲಾಗಬೇಕೆಂಬ ಹಟ."

ಗುರು ಹೊಳೆಯತ್ತ ಓಡಿದರು. ದಡದ ತೆಪ್ಪವನ್ನು ಅವರೇ ನೀರಿಗೆ ತಳ್ಳಿದರು.

"ಬೇಗ ಹತ್ತು ಮೈಲಾರಿ. ಯಾವ ಕಡೆ ಬಿಚ್ಚಲಿಲ್ಲ ಅಂತ ಆ ಈರಣ್ಣನನ್ನು ಕೇಳು."