ಡಂಗುರ ತಲುಪಿದ ದಿನ

"ಕೇಳಿರಪ್ಪೋ ಕೇಳಿ, ರಾಜಮಾತೆಯ ಮೂರು ಒಗಟು ಬಿಡಿಸಿದವರ ಮಾತೇ ಮಾಳವ್ವನ ಮೊಕದ್ದಮೆಗೆ ತೀರ್ಪು. ತಪ್ಪಿದವರಿಗೆ ತಲೆದಂಡ!"

ಹೀಗೆ ಸಾರುತ್ತಿದ್ದ ದುರುಗನಿಗೆ ಆ ಡಂಗುರವನ್ನೇ ಕೆರೆಗೆ ಎಸೆಯುವಷ್ಟು ಸಿಟ್ಟು. ಮಾಳವ್ವ ಅವನ ಒಡಹುಟ್ಟಿದ ಅಕ್ಕ.

ಅರಮನೆ ಕೆರೆಯಲ್ಲಿ ಮೀನು ಹಿಡಿದವರ ಬಲಗೈ ಕಡಿಯಬೇಕೆಂಬ ಹೊಸ ಕಟ್ಟಳೆಗೆ ದೊರೆ ಹುಣ್ಣಿಮೆಯಂದು ಮುದ್ರೆ ಒತ್ತಿದ್ದ. ಅದನ್ನು ಸಾರಲು ದುರುಗ ಊರೂರು ನಡೆದ. ಸಾರುವವನ ಸ್ವಂತ ಊರಿಗೆ ಕೊನೆಯ ಸರದಿ ಎಂಬುದು ಹಳೆಯ ಪದ್ಧತಿ. ಎಂಟನೆಯ ದಿನ ಮನೆ ಸೇರಿದರೆ ಅಕ್ಕ ಸೆರೆಯಲ್ಲಿದ್ದಳು. ಐದನೆಯ ದಿನ ಎಂದಿನಂತೆ ಬಲೆ ಬೀಸಿದ್ದಳಂತೆ, ಪಾಪ.

ಒಂದು ತಿಂಗಳು ಅರಮನೆಗೆ ಅಲೆದು ಅವನ ಕಾಲು ಸವೆಯಿತು. ಮುದ್ರೆ ಬಿದ್ದ ದಿನದಿಂದಲೇ ಕಟ್ಟಳೆ ಎಂದು ಒಬ್ಬ ಮಂತ್ರಿ, ಸಾರಿದ ದಿನದಿಂದ ಎಂದು ಇನ್ನೊಬ್ಬ. ಇಬ್ಬರೂ ಕೊನೆಗೆ ಹೇಳುತ್ತಿದ್ದುದು "ನಾಳೆ ಬಾ" ಎಂದೇ. ಬೇಸತ್ತ ರಾಜಮಾತೆ ಒಗಟು ಒಡ್ಡಿದಳು. ತಲೆದಂಡ ಮಾತ್ರ ದೊರೆಯ ಸೇರ್ಪಡೆ.

ಸಭೆಯಲ್ಲಿ ಅವಳು ಕೇಳಿದಳು: "ಅರಮನೆಯಲ್ಲಿ ಹುಟ್ಟುತ್ತದೆ, ಊರಿನ ಕಿವಿಗೆ ಬಿದ್ದ ಮೇಲಷ್ಟೇ ಉಸಿರಾಡುತ್ತದೆ. ಯಾವುದು? ಮುಂದಕ್ಕೆ ಮಾತ್ರ ನಡೆಯಬೇಕು, ಹಿಂದಕ್ಕೆ ನಡೆದರೆ ಅನ್ಯಾಯ. ಯಾವುದು? ಹಿಂದಕ್ಕೆ ನಡೆದರೂ ಯಾರಿಗೂ ನೋಯದು. ಅದು ಯಾವುದು?"

ಜರಿ ಶಾಲಿನ ಪಂಡಿತ ಮೊದಲನೆಯದಕ್ಕೆ "ರಾಜಕುಮಾರ" ಎಂದ. ಭಟರು ಎಳೆದೊಯ್ದರು. ಮತ್ತೊಬ್ಬ ಮೊದಲನೆಯದನ್ನು ಗೆದ್ದು, ಎರಡನೆಯದಕ್ಕೆ "ಹೊಳೆ" ಎಂದು ಅದೇ ದಾರಿ ಹಿಡಿದ. ದುರುಗ ಡಂಗುರ ಕೆಳಗಿಟ್ಟು ಮುಂದೆ ಬಂದ.

"ಮೊದಲನೇದು ಕಟ್ಟಳೆ, ತಾಯಿ. ಅದನ್ನ ಹೊತ್ತು ನಡೆದೋನು ನಾನು. ನಾನು ಬಾರಿಸೋವರೆಗೂ ನಮ್ಮೂರಲ್ಲಿ ಅದಕ್ಕೆ ಜೀವ ಇರಲಿಲ್ಲ. ಎರಡನೇದು ಶಿಕ್ಷೆ. ಡಂಗುರ ಕೇಳದೋರ ಕೈ ಕಡಿಯೋದು ಯಾವ ನ್ಯಾಯ?"

ರಾಜಮಾತೆ ತಲೆಯಾಡಿಸಿದಳು. ಮೂರನೆಯದು ಮಾತ್ರ ಇನ್ನೂ ಬಾಕಿ ಇತ್ತು. ಅಷ್ಟರಲ್ಲಿ ದೊರೆ, "ಆಗಲಿ, ಇನ್ನು ಮುಂದೆ ಸಾರಿದ ದಿನದಿಂದಲೇ ಕಟ್ಟಳೆ" ಎಂದ. ಕೂಡಲೇ ಕರಣಿಕ ಓಲೆಯಿಂದ ತಲೆಯೆತ್ತಿ, "ಈ ನಿಯಮ ಇವತ್ತಿನದು ಪ್ರಭು. ಮಾಳವ್ವ ಸಿಕ್ಕಿದ್ದು ಹೋದ ತಿಂಗಳು. ಅವಳಿಗೆ ಇದು ಅನ್ವಯಿಸದು" ಎಂದ.

ದುರುಗನ ತಾಳ್ಮೆ ತಪ್ಪಿತು. "ಶಿಕ್ಷೆಗೆ ಹಿಂದಕ್ಕೆ ನಡೆಯೋಕೆ ಕಾಲಿತ್ತು ಬುದ್ಧಿ, ಕರುಣೆಗೆ ಮಾತ್ರ ಇಲ್ವಾ?"

"ಮೂರನೆಯದೂ ಬಿಡಿಸಿದೆಯಲ್ಲಪ್ಪ" ಎಂದಳು ರಾಜಮಾತೆ.

ಆ ಕರುಣೆ ಪಂಡಿತರಿಬ್ಬರ ತಲೆಯನ್ನೂ ಉಳಿಸಿತು. ದೊರೆ ದುರುಗನಿಗೆ ಹತ್ತು ಹಳ್ಳಿಗಳ ಉಂಬಳಿ ಕೊಟ್ಟ. ಅವನ ಕಣ್ಣು ಮಾತ್ರ ಸೆರೆಯ ಬಾಗಿಲಲ್ಲಿತ್ತು. ಹೊರಗೆ ಬಂದ ಮಾಳವ್ವ ತಮ್ಮನನ್ನು ಒಮ್ಮೆ ದಿಟ್ಟಿಸಿ, ಉಳಿದ ಆ ಬಲಗೈಯಿಂದಲೇ ತಲೆಗೊಂದು ಮೊಟಕಿದಳು.

"ಮೊದ್ಲು ನಮ್ಮೂರಿಗೆ ಬಂದು ಬಾರಿಸೋಕೆ ನಿಂಗೇನಾಗಿತ್ತೋ?"