ಮೂರನೆಯ ಸಲದ ಮದ್ದು

"ಗುರುಗಳೇ, ಇದು ಮೂರ್ಛೆರೋಗವಲ್ಲ ಎಂದು ಗೊತ್ತಾದ ಮೇಲೆ ವೈದ್ಯನಿಗೆ ಅಲ್ಲಿ ಇನ್ನೇನು ಕೆಲಸ?"

ಮಠದ ಔಷಧಶಾಲೆಯಲ್ಲಿ ಶಿಷ್ಯ ಅಡಿವೆಪ್ಪ ಹೀಗೆ ಕೇಳಿದಾಗ ಅವನ ಮುಖದಲ್ಲಿ ಸಣ್ಣ ಹೆಮ್ಮೆಯಿತ್ತು. ಆ ಬೆಳಿಗ್ಗೆ ಒಬ್ಬ ರೈತ ತನ್ನ ತಂಗಿಯನ್ನು ಗಾಡಿಯಲ್ಲಿ ಮಲಗಿಸಿಕೊಂಡು ಬಂದಿದ್ದ. ಹುಡುಗಿಯ ಕೈಕಾಲು ಬಡಿದುಕೊಳ್ಳುತ್ತಿದ್ದವು, ಎಷ್ಟು ಹೊತ್ತಾದರೂ ನಿಂತಿರಲಿಲ್ಲ. ಅಡಿವೆಪ್ಪ ಅವಳನ್ನು ನೋಡಿದ. ಮದ್ದಿನ ಭರಣಿಯನ್ನು ಮುಚ್ಚಳ ತೆಗೆಯದೆಯೇ ಕೆಳಗಿಟ್ಟ. "ಮೂರ್ಛೆರೋಗವಲ್ಲ, ಇವಳಿಗೆ ಏನೂ ಆಗಿಲ್ಲ" ಎಂದು ಹೇಳಿ ಎದ್ದು ಒಳಗೆ ಬಂದುಬಿಟ್ಟ. ನಡುಕ ಆಮೇಲೆ ತಾನಾಗಿ ನಿಂತಿತ್ತು. ಈಗ ಅಣ್ಣತಂಗಿ ಇಬ್ಬರೂ ಜಗಲಿಯ ಮೇಲೆ ಬಿಸಿಲು ಇಳಿಯುವುದನ್ನು ಕಾಯುತ್ತಿದ್ದರು. ರೋಗವಲ್ಲವೆಂದ ಮೇಲೆ ಗಾಳಿ ಸೋಕಿರುವುದೇ ನಿಜ, ಸಂಜೆಗೆ ಬರೆ ಹಾಕುವವನ ಬಳಿಗೆ ಕರೆದೊಯ್ಯುತ್ತೇನೆ ಎಂದು ಅಣ್ಣ ಕಂಡವರಿಗೆಲ್ಲ ಹೇಳಿದ್ದ. ಕಾದ ಕಬ್ಬಿಣ ಹಣೆಗೆ ತಾಕಿದರೆ ಗಾಳಿ ಬಿಟ್ಟು ಹೋಗುತ್ತದೆ ಎಂಬುದು ಆ ಸೀಮೆಯ ನಂಬಿಕೆ.

ಗುರುಗಳು ಕುಟ್ಟಾಣಿಯನ್ನು ಬದಿಗೆ ಸರಿಸಿದರು. "ಕೂತುಕೋ, ಒಂದು ಕತೆ ಕೇಳು" ಎಂದರು.

ಒಂದೂರಿನಲ್ಲಿ ಒಬ್ಬ ವೈದ್ಯನಿದ್ದ. ಅವನ ಬಳಿ ಒಂದು ಲೇಹ್ಯವಿತ್ತು. ಮೂರ್ಛೆ ಬಂದವರ ಒಸಡಿಗೆ ಒಂದು ಬೆರಳು ಸವರಿದರೆ ನಡುಕ ನಿಲ್ಲುತ್ತಿತ್ತು. ಹೆಚ್ಚಾದರೆ ಉಸಿರೂ ನಿಲ್ಲುತ್ತಿತ್ತು. ಎಲ್ಲಿ ನಿಲ್ಲಬೇಕೆಂದು ಮದ್ದಿಗೆ ಗೊತ್ತಿರುವುದಿಲ್ಲ ನೋಡು, ಕೊಡುವವನಿಗೆ ಗೊತ್ತಿರಬೇಕು.

ಒಂದು ದಿನ ಒಬ್ಬ ಗಾಣಿಗ ಏದುಸಿರು ಬಿಡುತ್ತ ಬಂದ. ಹೆಂಡತಿ ಬಿದ್ದಿದ್ದಾಳೆ, ಬೇಗ ಬನ್ನಿ ಎಂದ. ವೈದ್ಯ ಹೋಗಿ ನೋಡಿದರೆ ಮನೆ ತುಂಬ ಜನ. ಹೆಂಗಸಿನ ಮುಷ್ಟಿಯೊಳಗೆ ಕಬ್ಬಿಣದ ಬೀಗದಕೈ ತುರುಕಿದ್ದರು. ಇಬ್ಬರು ಕೈ ಅದುಮಿದ್ದರು, ಇಬ್ಬರು ಕಾಲು ಅದುಮಿದ್ದರು, ಒಬ್ಬಾಕೆ ಮೂಗಿಗೆ ಈರುಳ್ಳಿ ಹಿಡಿದಿದ್ದಳು. ಉಳಿದವರು ತಮಗೆ ಕೆಲಸ ಸಿಗಲಿಲ್ಲವೆಂದು ಕೂಗುತ್ತಿದ್ದರು.

ವೈದ್ಯ ಒಂದು ಬೆರಳು ಲೇಹ್ಯ ಸವರಿದ. ನಿಲ್ಲಲಿಲ್ಲ. ಇನ್ನೊಂದು ಬೆರಳು ಸವರಿದ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರ ಹಾಗೆ, ಅವರು ಮೂರ್ಛೆ ಅಂದರು, ಇವನು ಮದ್ದು ಕೊಟ್ಟ. ನಡುಕ ಕೊಂಚ ತಗ್ಗಿ ಮತ್ತೆ ಏರಿತು. ಉಸಿರು ಮಾತ್ರ ತೆಳುವಾಯಿತು.

ಗಾಣಿಗ ಅಂಗಲಾಚಿದ. "ಇನ್ನೊಂದು ಸಲ ಹಾಕಿಬಿಡಿ ವೈದ್ಯರೇ. ಅನ್ನ ಬೇಯುವಷ್ಟು ಹೊತ್ತಿನಿಂದ ಒದ್ದಾಡುತ್ತಿದ್ದಾಳೆ. ನನ್ನಿಂದ ನೋಡಲಾಗುವುದಿಲ್ಲ."

ವೈದ್ಯ ಮೂರನೆಯ ಸಲ ಭರಣಿಗೆ ಬೆರಳು ಅದ್ದಿದ. ಅದ್ದಿದವನು ಹಾಗೇ ನಿಂತ. ಅವನಿಗೊಂದು ಕುತೂಹಲ ಹುಟ್ಟಿತು. ಮೂರ್ಛೆ ಇಷ್ಟು ಹೊತ್ತು ಹಿಡಿದರೆ ತುಟಿ ನೀಲಿಗಟ್ಟಬೇಕಲ್ಲ, ಇವಳ ತುಟಿ ಯಾಕೆ ಕೆಂಪಗಿದೆ? ಬಗ್ಗಿ ನೋಡಿದ. ಮೂರ್ಛೆಯಲ್ಲಿ ಕಣ್ಣು ಸಾಮಾನ್ಯವಾಗಿ ತೆರೆದಿರುತ್ತದೆ, ಇವಳದು ಬಿಗಿಯಾಗಿ ಮುಚ್ಚಿತ್ತು. ರೆಪ್ಪೆ ಎತ್ತಲು ಹೋದರೆ ಇನ್ನಷ್ಟು ಬಿಗಿಯಾಯಿತು. ತಲೆ ಬೇಡ ಬೇಡ ಎನ್ನುವಂತೆ ಅತ್ತಿತ್ತ ಹೊರಳುತ್ತಿತ್ತು. ಕೈಗೊಂದು ತಾಳ, ಕಾಲಿಗೊಂದು ತಾಳ. ಜನ ಕೂಗಿದಾಗ ನಡುಕ ಏರುತ್ತಿತ್ತು, ಸುಮ್ಮನಾದಾಗ ಇಳಿಯುತ್ತಿತ್ತು. ಮುಚ್ಚಿದ ರೆಪ್ಪೆಯ ಅಂಚಿನಲ್ಲಿ ನೀರಿತ್ತು. ಇವುಗಳಲ್ಲಿ ಯಾವುದೋ ಒಂದೇ ಕಂಡಿದ್ದರೆ ಅವನು ನಂಬುತ್ತಿರಲಿಲ್ಲ, ನಂಬಲೂ ಬಾರದು. ಎಲ್ಲವೂ ಸೇರಿ ಒಂದೇ ಮಾತು ಹೇಳುತ್ತಿದ್ದವು.

"ಇದು ಮೂರ್ಛೆಯಲ್ಲ, ಹಿಡಿದವರೆಲ್ಲ ಕೈಬಿಡಿ" ಎಂದ ವೈದ್ಯ. ಬೆರಳು ಒರೆಸಿಕೊಂಡು ಭರಣಿ ಮುಚ್ಚಿ ಕೆಳಗಿಟ್ಟ. ಜನರನ್ನು ಹೊರಗೆ ಕಳಿಸಿದ. ಮುಷ್ಟಿಯಿಂದ ಬೀಗದಕೈ ಬಿಡಿಸಿದರೆ ಅಂಗೈಯಲ್ಲಿ ಅದರ ಹಲ್ಲು ಮೂಡಿತ್ತು. ಅವಳನ್ನು ಮಗ್ಗುಲಿಗೆ ಹೊರಳಿಸಿ, ತನ್ನ ಶಲ್ಯವನ್ನು ಮಡಚಿ ತಲೆಯ ಕೆಳಗಿಟ್ಟು, ಪಕ್ಕದಲ್ಲಿ ಕೂತ. ಮೂಗಿನ ಬಳಿ ಕೈಯಿಟ್ಟು ಉಸಿರನ್ನು ಕಾಯುತ್ತ ಮೆಲ್ಲಗೆ ಹೇಳಿದ: "ತಾಯಿ, ನನ್ನ ಮಾತು ನಿನಗೆ ಕೇಳಿಸುತ್ತಿರಬಹುದು. ಇದು ತಾನಾಗಿ ಇಳಿಯುತ್ತದೆ. ಇಳಿಯುವ ತನಕ ನಾನು ಇಲ್ಲೇ ಇರುತ್ತೇನೆ."

ಬೇಗ ಇಳಿಯಲಿಲ್ಲ. ಮದ್ದಿಲ್ಲ, ಮಂತ್ರವಿಲ್ಲ, ಇದೆಂಥ ವೈದ್ಯ ಎಂದು ಹೊರಗೆ ಜನ ಗೊಣಗಿದರು. ಅವನಿಗೂ ಹೆದರಿಕೆಯಿತ್ತು. ತಾನು ಸವರಿದ ಎರಡು ಬೆರಳು ಮದ್ದು ಇನ್ನೂ ಅವಳ ಮೈಯೊಳಗಿತ್ತು. ಹೆದರಿಕೊಂಡೇ ಕೂತಿದ್ದ. ನಿಧಾನವಾಗಿ ಉಸಿರು ತುಂಬಿ ಬಂತು, ನಡುಕ ಅಡಗಿತು. ಹೆಂಗಸು ಕಣ್ಣು ಬಿಟ್ಟು ಅಳತೊಡಗಿದಳು.

ಗಾಣಿಗನಿಗೆ ಹೋದ ಜೀವ ಬಂದಂತಾಯಿತು. ಅದರ ಹಿಂದೆಯೇ ಸಿಟ್ಟೂ ಬಂತು. "ಮೂರ್ಛೆಯಲ್ಲ ಅಂದಮೇಲೆ ಇದು ನಾಟಕ ತಾನೆ? ಊರು ಸೇರಿಸಿ ನನ್ನ ಮಾನ ಕಳೆದಳು" ಎಂದು ಕೈ ಎತ್ತಿದ.

ವೈದ್ಯ ಆ ಕೈಯನ್ನು ಹಿಡಿದುಕೊಂಡ. "ನಿನ್ನ ತಾಯಿ ತೀರಿಕೊಂಡ ದಿನ ಗಂಟಲು ಕಟ್ಟಿ ನಿನಗೆ ಮಾತೇ ಹೊರಡಲಿಲ್ಲವಲ್ಲ ಮಾರಾಯ, ಆ ಗಂಟಲನ್ನು ನೀನೇ ಕಟ್ಟಿಕೊಂಡಿದ್ದೆಯಾ?" ಎಂದು ಕೇಳಿದ.

ಗಾಣಿಗನ ಕೈ ಕೆಳಗಿಳಿಯಿತು. ವೈದ್ಯ ಮಾರನೆಯ ದಿನವೂ ಬಂದ, ಆಮೇಲೂ ಬರುತ್ತಿದ್ದ. ಬಂದಾಗಲೆಲ್ಲ ಅವಳ ಮಾತು ಕೇಳುತ್ತ ಕೂರುತ್ತಿದ್ದ. ನಡುಕದ ಕಾರಣಗಳಲ್ಲಿ ಕೆಲವು ಅವಳಿಗೆ ಗೊತ್ತಿದ್ದವು, ಕೆಲವು ಅವಳಿಗೂ ಗೊತ್ತಿರಲಿಲ್ಲ. ನಡುಕ ಒಮ್ಮೆಲೇ ಹೋಗಲಿಲ್ಲ. ಬರಬರುತ್ತ ಕಡಿಮೆಯಾಯಿತು.

ಕತೆ ಮುಗಿಯಿತು. ಅಡಿವೆಪ್ಪನಿಗೆ ಒಳಗೊಳಗೇ ಖುಷಿಯಾಯಿತು. ಕೆಂಪು ತುಟಿ, ಬಿಗಿದ ಕಣ್ಣು, ಹೊರಳುವ ತಲೆ, ಎಲ್ಲವನ್ನೂ ಬೆಳಿಗ್ಗೆ ತಾನೂ ಕಂಡಿದ್ದ.

"ಹಾಗಾದರೆ ನಾನು ಆ ವೈದ್ಯನಿಗಿಂತ ಮೊದಲೇ ಗುರುತಿಸಿದೆ ಗುರುಗಳೇ" ಎಂದ. "ಅವನಿಗೆ ಎರಡು ಸಲ ಮದ್ದು ಸವರಿದ ಮೇಲೆ ತಿಳಿಯಿತು. ನಾನು ಒಂದು ಸಲವೂ ಸವರಲಿಲ್ಲ."

ಹೊರಗೆ ಅಣ್ಣ ಗಾಡಿಗೆ ಎತ್ತು ಹೂಡುವ ಸದ್ದು ಕೇಳಿಸಿತು. ಗುರುಗಳು ಶಿಷ್ಯನ ಮುಖವನ್ನೇ ನೋಡಿದರು.

"ಅವನು ಭರಣಿ ಕೆಳಗಿಟ್ಟು ಕೂತ, ನೀನು ಭರಣಿ ಕೆಳಗಿಟ್ಟು ಎದ್ದೆ."